ನೆಲ ಬಿಟ್ಟ ಕಟ್ಟಡಗಳು

2017ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಸುಮಾರು 1000 ಟನ್ ತೂಕದ ಕಟ್ಟಡವೊಂದು ತಾನಿದ್ದ ಜಾಗ ಬಿಟ್ಟು ನೂರು ಮೀಟರಿಗೂ ಹೆಚ್ಚು ದೂರ ಸರಿದು ನಿಂತಿತು. ಅದು ಟಿಪ್ಪು ಕಾಲದ ಮದ್ದಿನ ಮನೆ. ಬೆಂಗಳೂರು–ಮೈಸೂರು ರೈಲು ಮಾರ್ಗಕ್ಕೆ ಎರಡನೇ ಹಳಿ ಹಾಕಬೇಕಿತ್ತು, ಕಟ್ಟಡ ಅದಕ್ಕೆ ಅಡ್ಡವಾಗಿತ್ತು. ಕೆಡವುವಂತಿರಲಿಲ್ಲ. ಆ ತುಣುಕಿನ ಕೆಲಸ ವರ್ಷಗಟ್ಟಲೆ ನಿಂತೇ ಇತ್ತು. ಕೊನೆಗೆ ಕಟ್ಟಡವನ್ನೇ ಇಡಿಯಾಗಿ ಎತ್ತಿ ಸರಿಸುವ ತೀರ್ಮಾನವಾಯಿತು.

ಬಿಚ್ಚಿ ಜೋಡಿಸಬಹುದಿತ್ತಲ್ಲ ಎಂದು ಕೇಳಬಹುದು. ಅಲ್ಲಿಂದ ಹೆಚ್ಚು ದೂರವಿಲ್ಲದ ಕನ್ನಂಬಾಡಿಯಲ್ಲಿ ಹಾಗೆಯೇ ಮಾಡಿದರು. ಕೃಷ್ಣರಾಜಸಾಗರ ಕಟ್ಟಿದಾಗ ಹಳೆಯ ಕನ್ನಂಬಾಡಿ ಮುಳುಗಿತು. ಜನ ಹೊಸ ಕನ್ನಂಬಾಡಿಗೆ ಹೋದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಮಾತ್ರ ನೀರಲ್ಲೇ ಉಳಿದು, ಬರಗಾಲದಲ್ಲಿ ನೀರಿಳಿದಾಗ ಕಾಣುತ್ತಿತ್ತು. ಈ ಶತಮಾನದಲ್ಲಿ ಖೋಡೆ ಪ್ರತಿಷ್ಠಾನದವರು ಒಂದೊಂದು ಕಲ್ಲಿಗೂ ಗುರುತು ಹಾಕಿ, ಫೋಟೋ ತೆಗೆದು, ಬಿಚ್ಚಿ, ಹೊಸ ಕನ್ನಂಬಾಡಿಯ ಬಳಿ ಮತ್ತೆ ಕಟ್ಟಿದರು. ಕಲ್ಲಿನ ಗುಡಿಗೆ ಇದು ಒಗ್ಗುತ್ತದೆ. ಅಲ್ಲಿ ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ಕೂತಿರುತ್ತದೆ. ಇಟ್ಟಿಗೆ–ಗಾರೆಯ ಗೋಡೆ ಹಾಗಲ್ಲ. ಗಾರೆ ಇಟ್ಟಿಗೆಯನ್ನು ಹಿಡಿದುಕೊಂಡು ಎರಡೂ ಒಂದೇ ಮೈಯಾಗಿರುತ್ತವೆ. ಬಿಚ್ಚಿದರೆ ಉಳಿಯುವುದು ಇಟ್ಟಿಗೆ ರಾಶಿ.

ಹಾಗಾಗಿ ಗೋಡೆಗಳಿಗೆ ಬಿಗಿಪಟ್ಟಿ, ಅಡಿಪಾಯದ ಕೆಳಗೆ ಉಕ್ಕಿನ ತೊಲೆಗಳು, ಅವುಗಳ ಕೆಳಗೆ ಜ್ಯಾಕ್‌ಗಳು. ಕಷ್ಟವೆಲ್ಲ ಎಲ್ಲ ಜ್ಯಾಕ್‌ಗಳೂ ಒಂದೇ ಅಳತೆಯಲ್ಲಿ ಏರಬೇಕೆಂಬುದರಲ್ಲಿದೆ. ಒಂದು ಮೂಲೆ ತುಸು ಮುಂದಾದರೂ ಗೋಡೆ ಸೀಳುತ್ತದೆ. ಈ ವಿದ್ಯೆ ಹೊಸದೇನಲ್ಲ. 1975ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಮೋಸ್ಟ್ ಪಟ್ಟಣದಲ್ಲಿ ಕಲ್ಲಿದ್ದಲು ಗಣಿಗಾಗಿ ಇಡೀ ಚರ್ಚನ್ನು ಹಳಿಗಳ ಮೇಲೆ 841 ಮೀಟರ್ ಸರಿಸಿದ್ದರು.

ಎರಡೂ ಕಟ್ಟಡ ಉಳಿದವು, ಸರಿ. ಆದರೆ ಉಳಿದದ್ದು ಏನು? ನಾನು ಅರಸೀಕೆರೆಯವನು. ಹಾಸನ ಜಿಲ್ಲೆಯದಲ್ಲ, ಹರಪನಹಳ್ಳಿ ತಾಲ್ಲೂಕಿನದು. ನಮ್ಮ ಹತ್ತಿರದ ಉಚ್ಚಂಗಿದುರ್ಗದ ಕೋಟೆಗೋಡೆಯನ್ನು ಬಿಚ್ಚಿ ಬಯಲಲ್ಲಿ ಜೋಡಿಸಿದರೆ ಕಲ್ಲುಗಳೆಲ್ಲ ಇರುತ್ತವೆ, ಕೋಟೆ ಇರುವುದಿಲ್ಲ. ಅದಕ್ಕೆ ಅರ್ಥ ಕೊಟ್ಟದ್ದು ಬೆಟ್ಟ. ಗುಡಿಗಳ ದಾನಶಾಸನಗಳೂ ಹಾಗೆಯೇ. ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಹಳ್ಳ ಎಂದು ಎಲ್ಲೆ ಹೇಳುವ ಕಲ್ಲನ್ನು ಮ್ಯೂಸಿಯಮ್ಮಿಗೆ ಒಯ್ದರೆ ಅಕ್ಷರ ಉಳಿಯುತ್ತದೆ, ದಿಕ್ಕು ತಪ್ಪುತ್ತದೆ.

ಈ ಲೆಕ್ಕದಲ್ಲಿ ನಮ್ಮ ಎರಡು ಸ್ಥಳಾಂತರಗಳು ಒಂದೇ ಅಲ್ಲ. ಗುಡಿ ಬಾಳುವುದು ಜನರ ನಡುವೆ. ಕನ್ನಂಬಾಡಿಯ ಜನ ಮೊದಲೇ ಹೋಗಿದ್ದರು, ಕಲ್ಲುಗಳು ತಡವಾಗಿ ಅವರನ್ನು ಹಿಂಬಾಲಿಸಿದವು. ಮದ್ದಿನ ಮನೆಯ ಹಿಂದೆ ಜನರಿರಲಿಲ್ಲ. ಅದು ಸೈನ್ಯದ ಲೆಕ್ಕಾಚಾರದ ಒಂದು ಬಿಂದು. ಶ್ರೀರಂಗಪಟ್ಟಣದಲ್ಲಿ ಇಂಥವು ಹಲವು ಇವೆ, ಒಂದಕ್ಕೊಂದು ದೂರ ದೂರ. ಮದ್ದನ್ನೆಲ್ಲ ಒಂದೇ ಕಡೆ ಇಟ್ಟರೆ ಒಂದು ಕಿಡಿ ಸಾಕು. ಯಾವುದು ಗೋಡೆಯಿಂದ ಎಷ್ಟು ದೂರ, ಇನ್ನೊಂದರಿಂದ ಎಷ್ಟು ದೂರ ಎಂಬುದೇ 1799ರ ಮುಂಚಿನ ಆ ಊರನ್ನು ಓದುವ ಲಿಪಿ. ಅದರಲ್ಲೊಂದು ಅಕ್ಷರ ಈಗ ಜಾಗ ಬದಲಿಸಿದೆ.

ಸರಿಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಅಲ್ಲಿದ್ದ ಇನ್ನೊಂದು ದಾರಿ ಕೆಡವುವುದು. ತುಂಗಭದ್ರಾ ಜಲಾಶಯದಲ್ಲಿ ಹತ್ತಾರು ಊರು ಕಳೆದುಕೊಂಡ ಭಾಗದವರಿಗೆ ಸರಿಸಿ ಉಳಿಸುವುದರ ಬೆಲೆ ಗೊತ್ತು. ಆದರೆ ಕಟ್ಟಡ ಎತ್ತಿದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಬಿಟ್ಟ ಜಾಗಕ್ಕೂ ಒಂದು ದಾಖಲೆ ಬೇಕು: ಯಾವ ದಿಕ್ಕಿಗೆ ಬಾಗಿಲಿತ್ತು, ಎಷ್ಟು ಆಳದಲ್ಲಿ ಅಡಿಪಾಯವಿತ್ತು, ಎಲ್ಲಿಂದ ಎಲ್ಲಿಗೆ ಹೋಯಿತು, ಯಾಕೆ ಹೋಯಿತು. ನಮ್ಮ ಹಳೆಯ ಶಾಸನಕಾರರು ಒಂದು ಹೊಲ ಕೈಬದಲಾದರೂ ನಾಲ್ಕು ದಿಕ್ಕಿನ ಗುರುತು ಕೆತ್ತಿಸುತ್ತಿದ್ದರು. ಸಾವಿರ ಟನ್ ಸರಿಸುವ ನಾವು ಅಷ್ಟಾದರೂ ಮಾಡಬೇಕು.