ಬಾಡಿಗೆ ಮನೆಯ ವಿದ್ಯುತ್ ಬಿಲ್ಲು: ತಕರಾರು ಹುಟ್ಟುವುದೆಲ್ಲಿ, ತೀರುವುದೆಲ್ಲಿ?

ಗಿಣಿಗೇರಾ (ಕೊಪ್ಪಳ ತಾಲ್ಲೂಕು): ಹೊಸಪೇಟೆ–ಹುಬ್ಬಳ್ಳಿ ಹೆದ್ದಾರಿಯ ಬದಿಯ ಈ ಊರು ಉಕ್ಕಿನ ಕಾರ್ಖಾನೆಗಳಿಂದಾಗಿ ಬಾಡಿಗೆದಾರರ ಊರೂ ಆಗಿದೆ. ಒಂದೇ ಕಟ್ಟಡದ ನಾಲ್ಕಾರು ಖೋಲಿಗಳಲ್ಲಿ ನಾಲ್ಕಾರು ಸಂಸಾರ, ಗೋಡೆಗೆ ಮಾತ್ರ ಒಂದೇ ಮೀಟರು. ಇಂತಹ ಕಡೆ ಬಿಲ್ಲು ಏಕಾಏಕಿ ಏರಿದರೆ ಮಾಲೀಕರು ಬಾಡಿಗೆದಾರರತ್ತ, ಬಾಡಿಗೆದಾರರು ಮಾಲೀಕರತ್ತ, ಇಬ್ಬರೂ ಸೇರಿ ಜೆಸ್ಕಾಂನತ್ತ ಬೆರಳು ತೋರಿಸುವುದು ವಾಡಿಕೆ.

ಬಿಲ್ಲೇ ತಪ್ಪಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. 2023ರ ಜೂನ್‌ನಲ್ಲಿ ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದಲ್ಲಿ, ತಗಡಿನ ಶೆಡ್ಡಿನಲ್ಲಿ ವಾಸವಿದ್ದ ವೃದ್ಧೆಯೊಬ್ಬರಿಗೆ 1.03 ಲಕ್ಷ ರೂಪಾಯಿ ಬಿಲ್ಲು ಬಂದದ್ದು ರಾಜ್ಯದ ಗಮನ ಸೆಳೆದಿತ್ತು. ಅವರದು ಭಾಗ್ಯಜ್ಯೋತಿ ಸಂಪರ್ಕ; ಅದುವರೆಗೆ ತಿಂಗಳಿಗೆ ಎಪ್ಪತ್ತು–ಎಂಬತ್ತು ರೂಪಾಯಿ ಕಟ್ಟುತ್ತಿದ್ದರು. ಅಧಿಕಾರಿಗಳು ಸ್ಥಳಕ್ಕೆ ತೆರಳಿ ಲೋಪವನ್ನು ಒಪ್ಪಿಕೊಂಡರು, ಅದನ್ನು ಕಟ್ಟಬೇಕಾಗಿಲ್ಲವೆಂದು ಇಂಧನ ಸಚಿವ ಕೆ.ಜೆ. ಜಾರ್ಜ್ ಹೇಳಿದರು. ಲಕ್ಷದ ಬಿಲ್ಲಾದ್ದರಿಂದ ಅದು ಸುದ್ದಿಯಾಯಿತು. ಎಂಟುನೂರರ ಬದಲು ಎರಡು ಸಾವಿರ ಬಂದರೆ ಸುದ್ದಿಯಾಗುವುದಿಲ್ಲ, ಜಗಳವಾಗುತ್ತದೆ.

ಅದೇ ತಿಂಗಳು ರಾಜ್ಯದಾದ್ಯಂತ ಬಿಲ್ಲುಗಳು ಏರಿದ್ದಕ್ಕೆ ಬೇರೆ ಕಾರಣವಿತ್ತು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು (ಕೆಇಆರ್‌ಸಿ) 2023ರ ಮೇ ತಿಂಗಳಲ್ಲಿ ಹೊರಡಿಸಿದ ದರ ಆದೇಶ ಏಪ್ರಿಲ್‌ನಿಂದಲೇ ಅನ್ವಯವಾಗಿ, ಹಿಂಬಾಕಿಯೂ ಬಿಲ್ಲಿಗೆ ಸೇರಿತು. ಬಳಕೆ 100 ಯೂನಿಟ್ ಒಳಗಿದ್ದರೆ ಯೂನಿಟ್‌ಗೆ 4.75 ರೂಪಾಯಿ, ಮೀರಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. ಅಂದರೆ 100 ಯೂನಿಟ್‌ಗೆ 475 ರೂಪಾಯಿ, 101ಕ್ಕೆ 707. ಮೂರು ಸಂಸಾರಗಳು ಒಂದು ಮೀಟರನ್ನು ಹಂಚಿಕೊಂಡಿದ್ದಲ್ಲಿ ಮಿತಿ ಮೀರದೆ ಇರುವುದು ಕಷ್ಟವಿತ್ತು. 2024ರ ಏಪ್ರಿಲ್‌ನಿಂದ ಈ ಹಂತಗಳನ್ನು ತೆಗೆದು ಏಕರೂಪದ ದರ ತರಲಾಯಿತು.

ಆದರೆ ಹಂಚಿಕೆಯ ಮೀಟರಿನ ನಷ್ಟ ಅಲ್ಲಿಗೆ ನಿಲ್ಲಲಿಲ್ಲ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಮೂರು ಸಂಸಾರಗಳು ತಲಾ 80 ಯೂನಿಟ್ ಉರಿಸಿದರೂ ಒಟ್ಟು 240. ಪ್ರತ್ಯೇಕ ಮೀಟರಿದ್ದರೆ ಮೂವರಿಗೂ ದೊರೆಯಬಹುದಾದ ಸೌಲಭ್ಯ ಒಬ್ಬರಿಗೂ ಇಲ್ಲ. ಬಾಡಿಗೆದಾರರಿಗೂ ಯೋಜನೆ ಅನ್ವಯಿಸುತ್ತದೆ: ವಾಸದ ದಾಖಲೆಯೊಂದಿಗೆ, ಬಾಡಿಗೆ ಕರಾರು ಸಾಮಾನ್ಯವಾಗಿ ಸಾಕು, ಮನೆಯ ಆರ್‌ಆರ್ ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಬೇಕು. ಹಳೆಯ ಬಳಕೆಯ ಲೆಕ್ಕವಿಲ್ಲದವರಿಗೆ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಎಂದು ಸರ್ಕಾರ 2023ರಲ್ಲಿ ನಿಗದಿ ಮಾಡಿತು. ಮನೆ ಬದಲಿಸುವವರು ಹಳೆಯ ಜೋಡಣೆಯನ್ನು ತೆಗೆಸುವ ಅವಕಾಶವನ್ನು ಬಳಿಕ ಕಲ್ಪಿಸಲಾಯಿತು. ಹಿಂದಿನ ಬಾಡಿಗೆದಾರರು ಇದನ್ನು ಮಾಡದೆ ಹೋದರೆ ಹೊಸಬರು ಪೇಚಿಗೆ ಸಿಲುಕುತ್ತಾರೆ. ಕರಾರು ಬರೆದುಕೊಡಲು ಮಾಲೀಕರು ಹಿಂಜರಿಯುವುದಕ್ಕೆ ತೆರಿಗೆಯ ಅಂಜಿಕೆಯೂ ಒಂದು ಕಾರಣ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಮೊದಲು ಮನೆಯೊಳಗಿನ ಪರೀಕ್ಷೆ

ದೂರು ಕೊಡುವ ಮುನ್ನ ಮೇನ್ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪವನ್ನು ಗಮನಿಸಬೇಕು. ಆಗಲೂ ಅದು ಮಿನುಗುತ್ತಿದ್ದರೆ ಬೇರಾರದೋ ತಂತಿ ನಿಮ್ಮ ಮೀಟರಿಗೆ ಸೇರಿರಬಹುದು, ಇಲ್ಲವೇ ಮೀಟರಿನಲ್ಲಿಯೇ ದೋಷವಿರಬಹುದು. ಹೆಚ್ಚಿನ ವ್ಯಾಜ್ಯಗಳ ಮೂಲ ನೀರೆತ್ತುವ ಮೋಟಾರು. ಇಡೀ ಕಟ್ಟಡದ ಟ್ಯಾಂಕಿಗೆ ನೀರು, ಲೆಕ್ಕ ಮಾತ್ರ ನೆಲಮಹಡಿಯ ಬಾಡಿಗೆದಾರರ ಮೀಟರಿಗೆ. ಒಂದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಎರಡು ತಾಸು ಓಡಿದರೆ ತಿಂಗಳಿಗೆ 45 ಯೂನಿಟ್ ದಾಟುತ್ತದೆ. ಬಾಡಿಗೆದಾರರ ಕಡೆಯ ತಪ್ಪೂ ಇಲ್ಲದಿಲ್ಲ: ಸಾವಿರ ವಾಟ್‌ನ ಕಾಯಿಲ್ ಒಲೆಯನ್ನು ದಿನಕ್ಕೆ ಎರಡು ತಾಸು ಉರಿಸಿದರೆ ತಿಂಗಳಿಗೆ 60 ಯೂನಿಟ್. ಮಾಲೀಕರು ಹಾಕಿಸಿದ ಉಪಮೀಟರಿನ ಲೆಕ್ಕಕ್ಕೆ ಜೆಸ್ಕಾಂ ಹೊಣೆಯಲ್ಲ. ಅದಕ್ಕೆ ಮಾಲೀಕರೇ ಉತ್ತರ ಹೇಳಬೇಕು. ಉಪಮೀಟರುಗಳ ಮೊತ್ತವನ್ನು ಮೂಲ ಬಿಲ್ಲಿನ ಯೂನಿಟ್‌ಗಳೊಂದಿಗೆ ತಾಳೆ ನೋಡಲು ಬಿಲ್ಲಿನ ಪ್ರತಿ ಕೇಳುವುದರಲ್ಲಿ ಸಂಕೋಚ ಬೇಡ.

ಮನೆಗೆ ಬಂದ ದಿನ ಮತ್ತು ಬಿಡುವ ದಿನ ಮೀಟರಿನ ಅಂಕಿಯ ಛಾಯಾಚಿತ್ರ ತೆಗೆದು ಇಬ್ಬರೂ ಇಟ್ಟುಕೊಂಡರೆ ಹಿಂದಿನವರ ಬಾಕಿ ಯಾರದೆಂಬ ವಾದವೇ ಏಳುವುದಿಲ್ಲ.

ಕಾನೂನು ಹೇಳುವುದು

ಮೀಟರಿನ ಮೇಲೆ ಸಂಶಯವಿದ್ದರೆ 1912ಕ್ಕೆ ಕರೆ ಮಾಡುವುದಷ್ಟೇ ಅಲ್ಲ, ಶಾಖಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ ತಿದ್ದುಪಡಿಯಂತೆ, ಬಳಕೆಗೂ ಅಂಕಿಗೂ ತಾಳೆಯಾಗದೆಂಬ ದೂರು ಬಂದ ಐದು ದಿನಗಳೊಳಗೆ ಹೆಚ್ಚುವರಿ ಮೀಟರು ಅಳವಡಿಸಿ ಕನಿಷ್ಠ ಮೂರು ತಿಂಗಳು ಪರಿಶೀಲಿಸಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನನ್ವಯ 15 ದಿನಗಳ ನೋಟಿಸು ಕೊಡದೆ ಬಾಕಿಗಾಗಿ ಸಂಪರ್ಕ ಕಡಿಯುವಂತಿಲ್ಲ. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪದೊಂದಿಗೆ ಕಟ್ಟಿದರೆ ವಿವಾದ ತೀರುವವರೆಗೆ ದೀಪ ಆರುವುದಿಲ್ಲ. ಜೆಸ್ಕಾಂ ಕಚೇರಿಯಲ್ಲಿ ನ್ಯಾಯ ದೊರೆಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರಾಚೆ ವಿದ್ಯುಚ್ಛಕ್ತಿ ಲೋಕಪಾಲರು ಇದ್ದಾರೆ.

ಪ್ರತ್ಯೇಕ ಮೀಟರು ಬೇಕೆಂದರೆ ಮಾಲೀಕರು ಒಪ್ಪದಿರುವುದು ಇನ್ನೊಂದು ತೊಡಕು. ಅದೇ ಕಾಯ್ದೆಯ 43ನೇ ಕಲಮು ಮಾಲೀಕರಷ್ಟೇ ಅಲ್ಲ, ವಾಸವಿರುವವರೂ ಅರ್ಜಿ ಹಾಕಬಹುದೆನ್ನುತ್ತದೆ. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರ ನಿರಾಕ್ಷೇಪಣಾ ಪತ್ರ ಇಲ್ಲವೆಂದು ಬಾಡಿಗೆದಾರರಿಗೆ ಅದನ್ನು ನಿರಾಕರಿಸಲಾಗದು, ಅರ್ಜಿದಾರರು ಅಲ್ಲಿ ವಾಸವಿದ್ದಾರೆಯೇ ಎಂಬುದನ್ನಷ್ಟೇ ನೋಡಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ 13ರಂದು ದಿಲೀಪ್ ಪ್ರಕರಣದಲ್ಲಿ ಹೇಳಿದೆ. ಬಾಡಿಗೆಯ ಜಗಳದಲ್ಲಿ ಫ್ಯೂಸ್ ಕಿತ್ತು ಮನೆ ಬಿಡಿಸಲು ನೋಡುವ ಮಾಲೀಕರಿಗೂ ಈ ಮಾತು ತಿಳಿದಿರುವುದು ಒಳ್ಳೆಯದು. ದೂರು ಕೊಡಲು ಹೋಗುವಾಗ ಕಳೆದ ಆರು ತಿಂಗಳ ಬಿಲ್ಲು, ಕರಾರಿನ ಪ್ರತಿ ಮತ್ತು ಮೀಟರಿನ ಛಾಯಾಚಿತ್ರಗಳನ್ನು ಜೊತೆಯಲ್ಲಿ ಒಯ್ಯಬೇಕು.