ಎರಡು ತಂತಿ, 112 ಹೆಸರು



ಕಳೆದ ಬೇಸಿಗೆಯಲ್ಲಿ ಮಗ ಬಾಲ್ಕನಿಯ ಮೂರು ಕುಂಡಗಳಿಗೆ ಬಿಸಿಲಿನ ಕಾವು ಅಳೆಯುವ ಮೂರು ಪುಟ್ಟ ಸೆನ್ಸರ್ ಜೋಡಿಸಿದ. ಎರಡರವರೆಗೆ ಎಲ್ಲ ಸರಿಯಿತ್ತು. ಮೂರನೆಯದು ಸೇರಿದ ಕೂಡಲೇ ಅಂಕಿಗಳು ತಪ್ಪಿದವು. "ಅಮ್ಮಾ, ಎರಡಕ್ಕೆ ಒಂದೇ ಅಡ್ರೆಸ್ಸು!" ಎಂದ. ಕನ್ನಡ ಎಂ.ಎ. ಓದಿದ ನಾನು ಇದನ್ನು ತಿಳಿಯಲು ಇತಿಹಾಸದ ದಾರಿ ಹಿಡಿದೆ.

1982ರಲ್ಲಿ ನೆದರ್‌ಲೆಂಡ್ಸ್‌ನ ಫಿಲಿಪ್ಸ್ ಕಂಪನಿ, ಟೀವಿಯಂಥ ಉಪಕರಣಗಳೊಳಗಿನ ಚಿಪ್‌ಗಳು ಮಾತಾಡಿಕೊಳ್ಳಲು 'ಐ-ಸ್ಕ್ವೇರ್ಡ್-ಸಿ' ಎಂಬ ವ್ಯವಸ್ಥೆ ತಂದಿತು. ಇರುವುದು ಎರಡೇ ತಂತಿ: ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ತಾಳ. ಮುಖ್ಯ ಚಿಪ್ಪು ಮೇಷ್ಟರ ಹಾಗೆ ಹಾಜರಿ ಕರೆಯುತ್ತದೆ. ಆ ಹೆಸರಿನವರಷ್ಟೇ ಓಗೊಡಬೇಕು.

ಹೆಸರೆಂದರೆ 7 ಬಿಟ್. ಹಾಗಾಗಿ 128 ಹೆಸರು. ಅದರಲ್ಲಿ 16 ವಿಶೇಷ ಕೆಲಸಗಳಿಗೆ ಮೀಸಲು. ಉಳಿದದ್ದು 112. ಒಂದು ಟೀವಿಗೆ ಧಾರಾಳ! ಆದರೆ ಹೆಸರಿಡುವುದು ತಯಾರಕರು. ಒಂದೇ ಮಾದರಿಯ ಚಿಪ್‌ಗಳಿಗೆಲ್ಲ ಒಂದೇ ಹೆಸರು. ನಮ್ಮ ತರಗತಿಯಲ್ಲಿ ಇಬ್ಬರು ಲಕ್ಷ್ಮಿಯರಿದ್ದರೆ ಇನಿಷಿಯಲ್ ಸೇರಿಸುತ್ತಿದ್ದೆವಲ್ಲ, ಹಾಗೆಯೇ ಕೆಲವು ಚಿಪ್‌ಗಳಿಗೆ ವಿಳಾಸದ ಕಾಲುಗಳಿರುತ್ತವೆ. ಮೂರು ಕಾಲಿದ್ದರೆ ಎಂಟು ಹೆಸರು. ಮಗನ ಸೆನ್ಸರಿಗೆ ಇದ್ದದ್ದು ಒಂದೇ ಕಾಲು, ಎರಡೇ ಹೆಸರು.

ಇಬ್ಬರು ಒಟ್ಟಿಗೆ ಓಗೊಟ್ಟರೆ ಮೇಷ್ಟರಿಗೆ ಒಂದೇ ದನಿ ಕೇಳುತ್ತದೆ. ಜಗಳವಾಗಿದೆಯೆಂದು ಹೇಳುವವರಿಲ್ಲ, ಇಬ್ಬರ ಉತ್ತರ ಬೆರೆತು ಯಾರದೂ ಅಲ್ಲದ ಅಂಕಿ ಬರುತ್ತದೆ. ಅಪಾಯ ಇರುವುದೇ ಈ ಮೌನದಲ್ಲಿ.

1992ರಲ್ಲಿ 10 ಬಿಟ್ ವಿಳಾಸ ಬಂತು: 1024 ಹೆಸರು. ಮೀಸಲಿಟ್ಟಿದ್ದ ಹೆಸರುಗಳಲ್ಲೇ ಕೆಲವನ್ನು ಬಳಸಿದ್ದರಿಂದ ಹಳಬರೂ ಹೊಸಬರೂ ಅದೇ ತಂತಿಯಲ್ಲಿ ಬಾಳಬಹುದಿತ್ತು. ಆದರೂ ಅದು ಹೆಚ್ಚು ಬಳಕೆಗೆ ಬರಲಿಲ್ಲ. ಲೋಕ 7 ಬಿಟ್ಟಿಗೇ ಒಗ್ಗಿಹೋಗಿತ್ತು.

ಈಚಿನ 'ಐ-ತ್ರೀ-ಸಿ' ಬೇರೆ ದಾರಿ ಹಿಡಿದಿದೆ. ಪ್ರತಿ ಚಿಪ್ಪೂ ತನ್ನ 48 ಬಿಟ್ಟಿನ ಗುರುತನ್ನು ತರುತ್ತದೆ. ಮೇಷ್ಟರು ಅದನ್ನು ಕೇಳಿಕೊಂಡು ಚಿಕ್ಕದೊಂದು ರೋಲ್ ನಂಬರ್ ಕೊಡುತ್ತಾರೆ. ಆ ನಂಬರ್ ಈಗಲೂ 7 ಬಿಟ್ಟೇ! ಬದಲಾದದ್ದು ಅದನ್ನು ಕೊಡುವವರು ಮಾತ್ರ. ಹುಟ್ಟೂರಿನ ಹೆಸರು ಹೊತ್ತು ಬಂದು, ಇಲ್ಲಿ ನಂಬರ್ ಪಡೆದ ನಮಗೆ ಇದು ಹೊಸದೇನಲ್ಲ.

ಮಗನ ತೊಂದರೆಗೆ ಪರಿಹಾರ ಸಿಕ್ಕಿತು. ತಂತಿಯನ್ನು ಕವಲಾಗಿ ಹಂಚುವ ಒಂದು ಚಿಪ್ಪು ತಂದ. ಈಗ ಒಬ್ಬ ಲಕ್ಷ್ಮಿ 'ಎ' ಸೆಕ್ಷನ್ನಿನಲ್ಲಿ, ಇನ್ನೊಬ್ಬಳು 'ಬಿ' ಸೆಕ್ಷನ್ನಿನಲ್ಲಿ. ಮೂರು ಕುಂಡಗಳ ಲೆಕ್ಕವೂ ಸರಿಯಾಗಿದೆ.