ಫ್ರಾನ್ಸಿಸ್ ಡ್ರೇಕ್: ಯುರೋಪಿಗೆ ಆಲೂಗಡ್ಡೆ ತಂದವನು ಇವನೇ?

ಇಂಗ್ಲೆಂಡಿನ ನಾವಿಕ ಸರ್ ಫ್ರಾನ್ಸಿಸ್ ಡ್ರೇಕ್ ಬಗ್ಗೆ ಮೂರು ಮಾತುಗಳು ಓಡಾಡುತ್ತವೆ. ಹಡಗಿನಲ್ಲಿ ಜಗತ್ತು ಸುತ್ತಿದ ಮೊದಲಿಗ, ಯುರೋಪಿಗೆ ಆಲೂಗಡ್ಡೆ ತಂದವನು, ಬರೀ ಕಡಲ್ಗಳ್ಳ. ಇವುಗಳಲ್ಲಿ ನಿಜವೆಷ್ಟು ಎಂದು ನೋಡೋಣ.

ಯಾರು ಈ ಡ್ರೇಕ್?

1540ರ ಸುಮಾರಿಗೆ ಡೆವನ್ ಪ್ರಾಂತ್ಯದ ಟ್ಯಾವಿಸ್ಟಾಕ್ ಬಳಿ ಹುಟ್ಟಿದ. 1560ರ ದಶಕದಲ್ಲಿ ಬಂಧು ಜಾನ್ ಹಾಕಿನ್ಸ್ ಜೊತೆ, ಆಫ್ರಿಕನ್ನರನ್ನು ಹಿಡಿದು ಅಮೆರಿಕದ ಸ್ಪ್ಯಾನಿಷ್ ವಸಾಹತುಗಳಲ್ಲಿ ಗುಲಾಮರಾಗಿ ಮಾರುವ ಯಾನದಲ್ಲಿ ಭಾಗಿಯಾದ. 1568ರಲ್ಲಿ ಮೆಕ್ಸಿಕೋ ಕರಾವಳಿಯಲ್ಲಿ ಸ್ಪೇನ್ ಪಡೆ ಇವರ ಮೇಲೆ ಎರಗಿತು. ಡ್ರೇಕ್ ಬದುಕಿ ಬಂದ, ಆದರೆ ಸ್ಪೇನ್ ಮೇಲಿನ ಹಗೆ ಕೊನೆವರೆಗೂ ಉಳಿಯಿತು.

ಜಗತ್ತು ಸುತ್ತಿದ ಮೊದಲಿಗನೇ?

ಅಲ್ಲ. 1519ರಲ್ಲಿ ಹೊರಟ ಮೆಗೆಲ್ಲನ್ 1521ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹತನಾದ. 1522ರಲ್ಲಿ ಯಾನ ಮುಗಿಸಿ ಸ್ಪೇನಿಗೆ ಮರಳಿದ್ದು ಎಲ್ಕಾನೊ ನೇತೃತ್ವದ ವಿಕ್ಟೋರಿಯಾ ಹಡಗು. ಡ್ರೇಕ್ ಐದು ಹಡಗುಗಳೊಂದಿಗೆ ಪ್ಲಿಮತ್‌ನಿಂದ ಹೊರಟಿದ್ದು 1577ರ ಡಿಸೆಂಬರ್‌ನಲ್ಲಿ. 1580ರ ಸೆಪ್ಟೆಂಬರ್‌ನಲ್ಲಿ ಜಗತ್ತು ಸುತ್ತಿ ಬಂದಿದ್ದು ಗೋಲ್ಡನ್ ಹೈಂಡ್ ಒಂದೇ. ಹಾಗಾಗಿ ಈ ಸಾಧನೆ ಮಾಡಿದ ಮೊದಲ ಇಂಗ್ಲಿಷ್ ಕ್ಯಾಪ್ಟನ್ ಎನ್ನುವುದು ಸರಿ.

ಆಲೂಗಡ್ಡೆ ತಂದನೇ?

ಇದಕ್ಕೆ ಆಧಾರವಿಲ್ಲ. 1578ರಲ್ಲಿ ಚಿಲಿ ಬಳಿಯ ಮೋಚಾ ದ್ವೀಪದ ಜನ ಡ್ರೇಕ್‌ಗೆ ಆಲೂಗಡ್ಡೆ ತಂದುಕೊಟ್ಟ ದಾಖಲೆ ಇದೆ. ಆದರೆ ಅಲ್ಲಿಂದ ಇಂಗ್ಲೆಂಡ್ ಮುಟ್ಟಲು ಸುಮಾರು ಎರಡು ವರ್ಷ ಹಿಡಿಯಿತು. ಅಷ್ಟು ದಿನ ಹಡಗಿನಲ್ಲಿ ಗಡ್ಡೆ ಕೆಡದೆ ಉಳಿಯುವುದು ಕಷ್ಟ. ಅಲ್ಲದೆ, ಅವನು ಮರಳುವ ಮೊದಲೇ, 1570ರ ದಶಕದಲ್ಲಿ, ಸ್ಪೇನಿನ ಸೆವಿಲ್ಲೆಯ ಆಸ್ಪತ್ರೆಯೊಂದರ ಲೆಕ್ಕದ ಪುಸ್ತಕದಲ್ಲಿ ಆಲೂಗಡ್ಡೆ ಖರೀದಿ ದಾಖಲಾಗಿದೆ. ಆದರೂ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಜರ್ಮನಿಯ ಆಫೆನ್‌ಬರ್ಗ್‌ನಲ್ಲಿ 1853ರಲ್ಲಿ 'ಆಲೂಗಡ್ಡೆ ತಂದವ' ಎಂದೇ ಡ್ರೇಕ್‌ನ ಪ್ರತಿಮೆ ನಿಲ್ಲಿಸಿದ್ದರು. 1939ರಲ್ಲಿ ನಾತ್ಸಿಗಳು ಅದನ್ನು ಒಡೆದುಹಾಕಿದರು.

ಕಡಲ್ಗಳ್ಳನೇ?

ಇಲ್ಲಿ ಉತ್ತರ ಅಷ್ಟು ಸರಳವಲ್ಲ. ಶತ್ರು ಹಡಗುಗಳನ್ನು ದೋಚಲು ಸರ್ಕಾರದಿಂದಲೇ ಪರವಾನಗಿ ಪಡೆದ ಖಾಸಗಿ ನಾವಿಕನಿಗೆ 'ಪ್ರೈವೇಟಿಯರ್' ಎನ್ನುತ್ತಾರೆ. ಪರವಾನಗಿ ಇಲ್ಲದೆ ದೋಚಿದರೆ ಕಡಲ್ಗಳ್ಳತನ. 1579ರ ಮಾರ್ಚ್‌ನಲ್ಲಿ ಡ್ರೇಕ್ 'ಕಾಕಾಫ್ಯೂಗೊ' ಎಂಬ ಅಡ್ಡಹೆಸರಿನ ಸ್ಪ್ಯಾನಿಷ್ ಹಡಗು ಹಿಡಿದು ಟನ್‌ಗಟ್ಟಲೆ ಬೆಳ್ಳಿ ದೋಚಿದಾಗ ಎರಡೂ ದೇಶಗಳ ನಡುವೆ ಯುದ್ಧವೇ ಘೋಷಣೆಯಾಗಿರಲಿಲ್ಲ. ಸ್ಪೇನ್ ಅವನನ್ನು ಕಳ್ಳ ಎಂದಿದ್ದು ಇದಕ್ಕೇ. ಲೂಟಿಯಲ್ಲಿ ಪಾಲು ಪಡೆದ ಎಲಿಜಬೆತ್ ರಾಣಿ 1581ರಲ್ಲಿ ಅವನಿಗೆ 'ಸರ್' ಪದವಿ ಕೊಡಿಸಿದಳು. 1588ರಲ್ಲಿ ಸ್ಪೇನಿನ ಆರ್ಮಡಾವನ್ನು ಎದುರಿಸಿದ ಇಂಗ್ಲಿಷ್ ನೌಕಾಪಡೆಗೆ ಅವನು ಉಪ ದಳಪತಿ. 1596ರ ಜನವರಿಯಲ್ಲಿ ಪನಾಮಾದ ಪೋರ್ಟೊಬೆಲೊ ಬಳಿ ರಕ್ತಭೇದಿಯಿಂದ ಸತ್ತ. ಶವವನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಇಳಿಸಿದರು.

ನಮ್ಮ ತೀರ್ಮಾನ

ಮೊದಲಿಗ: ತಪ್ಪು. ಆಲೂಗಡ್ಡೆ: ಆಧಾರವಿಲ್ಲ. ಬರೀ ಕಡಲ್ಗಳ್ಳ: ಅರ್ಧಸತ್ಯ. ಅವನನ್ನು ವೀರನೆಂದು ಹೊಗಳುವ ಸಂದೇಶ ಬಂದರೆ, ಅದರಲ್ಲಿ ಗುಲಾಮರ ಮಾರಾಟದ ಮಾತು ಇದೆಯೇ ಎಂದೂ ನೋಡಿ. ಅದನ್ನು ಬಿಟ್ಟು ಹೇಳಿದ ಕತೆಯೂ ಅರ್ಧಸತ್ಯವೇ.